ಪಾದ್ರಿ ಬಂಗಲೆಯ ಗಾಳಿ

ಸಾಹೇಬರು ತೀರಿಕೊಂಡರು ಎಂಬ ಫೋನು ಬಂದಾಗ ನಾನು ಬ್ಯಾಡಗಿಯಲ್ಲಿ ಒಂದು ಹಳೆಯ ಮಳಿಗೆಯ ತೇಗದ ಬಾಗಿಲಿಗೆ ಚೌಕಾಸಿ ಮಾಡುತ್ತ ಕೂತಿದ್ದೆ. ಮಾತು ಅರ್ಧಕ್ಕೆ ಬಿಟ್ಟು ಎದ್ದೆ. ಬಾಗಿಲಿನ ಮಾಲಕ ರಸ್ತೆಯವರೆಗೂ ಬೆನ್ನು ಹತ್ತಿ ಬಂದ. "ಸಿಟ್ಟಾಗಬ್ಯಾಡ್ರಿ, ನೀವು ಹೇಳಿದ್ದಕ್ಕ ಆಗ್ಲಿ ತೊಗೊಳ್ರಿ" ಎಂದ. ಚೌಕಾಸಿಯಲ್ಲಿ ಎದ್ದು ಹೋಗುವುದು ದೊಡ್ಡ ಅಸ್ತ್ರ. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳಿಕೊಡುವ ಮೊದಲ ಪಾಠವೂ ಅದೇ. ಆದರೆ ಅವತ್ತು ನಾನು ಖರೇನೇ ಎದ್ದಿದ್ದೆ. "ಬಾಗಿಲು ಇರ್ಲಿ ಬಿಡಪ್ಪಾ, ಒಂದು ಮಣ್ಣಿಗೆ ಹೋಗಬೇಕು" ಎಂದು ಗಾಡಿ ಹತ್ತಿದೆ.

ಸಾಹೇಬರೆಂದರೆ ಸರಕಾರದ ಕಟ್ಟಡ ಇಲಾಖೆಯಿಂದ ನಿವೃತ್ತರಾಗಿದ್ದ ಎಂಜಿನಿಯರು. ಹಾವೇರಿಯ ಹಳೆಯ ಪಾದ್ರಿ ಬಂಗಲೆ ಇವತ್ತು ನೆಟ್ಟಗೆ ನಿಂತಿದ್ದರೆ, ಅದರೊಳಗೆ ನಾಲ್ಕು ಆಫೀಸುಗಳು ನಡೆಯುತ್ತಿದ್ದರೆ, ಅದು ಅವರಿಂದ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಂಗಲೆಯ ಮುಂದೆ ಅವರ ಹೆಸರಿನ ಒಂದು ಕಲ್ಲು ಹಾಕಿಸುತ್ತೇನೆ ಎಂದು ಒಮ್ಮೆ ಹೇಳಿದ್ದಕ್ಕೆ, "ನಾನೇನು ಕಟ್ಟೀನೇನು ಅದನ್ನ? ಕಟ್ಟಿದಾವನ ಹೆಸರ ಯಾರಿಗೂ ನೆನಪಿಲ್ಲ, ಕಸಾ ಹೊಡಿಸಿದಾವನ ಹೆಸರ ಬರೀತೀ?" ಎಂದು ನಾಲ್ಕು ಜನರ ಮುಂದೆ ಬೈದಿದ್ದರು. ಬೈಸಿಕೊಂಡವನು ನಾನು, ಆ ಮಾತು ಮೀರಲು ಮನಸ್ಸು ಬರುವುದಿಲ್ಲ.

ನನ್ನದು ಹಳೆಯ ಕಟ್ಟಿಗೆಯ ಧಂದೆ. ಹಲಗೇರಿಯ ಕಡೆಯ ಹುಡುಗ ನಾನು. ಬಿದ್ದ ಮನೆಗಳ ಹಂಚು ಹೊತ್ತು ಮಾರುತ್ತ ಶುರು ಮಾಡಿದವನು, ಆಮೇಲೆ ರಾಣೆಬೆನ್ನೂರಿನ ರಸ್ತೆಯಂಚಿಗೆ ಸ್ವಂತ ಅಡ್ಡೆ ಹಾಕಿದೆ. ತೊಲೆ, ಕಂಬ, ಬಾಗಿಲು, ಚೌಕಟ್ಟು, ಮಂಗಳೂರು ಹಂಚು, ಹಿತ್ತಾಳೆ ಚಿಲಕ, ಏನು ಬೇಕು ಕೇಳಿ. ಯಾರದಾದರೂ ಮನೆ ಬೀಳುತ್ತದೆಂದರೆ ನೆಂಟರಿಗಿಂತ ಮೊದಲು ನಾನು ಅಲ್ಲಿರುತ್ತಿದ್ದೆ. ಹಾವೇರಿ ಜಿಲ್ಲೆಯಾಗಿ ಐದಾರು ವರ್ಷ ಕಳೆದಿತ್ತು. ಊರು ಒಮ್ಮೆಲೇ ಉಬ್ಬಿತ್ತು. ಎಲ್ಲರೂ ಹಳೆಯದನ್ನು ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುವವರೇ. ಆ ಹೊತ್ತಿನಲ್ಲಿ ಪಾದ್ರಿ ಬಂಗಲೆಯ ಮರ ಹರಾಜಿಗಿದೆ ಎಂಬ ಸುದ್ದಿ ಬಂತು.

ಬ್ರಿಟಿಷರ ಕಾಲದಲ್ಲಿ ಒಬ್ಬ ಇಂಗ್ಲಿಷ್ ಪಾದ್ರಿ ತನ್ನ ಸಂಸಾರಕ್ಕೆಂದು ಕಟ್ಟಿಸಿಕೊಂಡ ಮನೆ ಅದು. ಆಮೇಲೆ ಕೈ ಬದಲಾಗುತ್ತ ಒಂದು ಟ್ರಸ್ಟಿನ ಪಾಲಿಗೆ ಬಂದಿತ್ತು. ವರ್ಷಗಟ್ಟಲೆ ಬೀಗ ಬಿದ್ದಿತ್ತು. ಟ್ರಸ್ಟಿನವರಿಗೆ ಮರ ಮಾರಿ, ಗೋಡೆ ಕೆಡವಿ, ಜಾಗಕ್ಕೆ ಅಂಗಡಿ ಸಾಲು ಹಾಕುವ ಹಂಚಿಕೆ. ಮರದ ಬೆಲೆ ಕಟ್ಟಲು ಸಾಹೇಬರನ್ನು ಕರೆಸಿದ್ದರು.

ನಾನು ಹೋದಾಗ ಅವರು ಜಗುಲಿಯ ಕಲ್ಲು ಬೆಂಚಿನ ಮೇಲೆ ಕೂತು, ಮನೆಯಿಂದ ತಂದ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಪ್ಯಾಂಟನ್ನು ಎದೆಯ ಹತ್ತಿರದವರೆಗೆ ಎಳೆದು ಬೆಲ್ಟು ಬಿಗಿದ, ಸಣಕಲು ಮನುಷ್ಯ. ಪಕ್ಕದಲ್ಲಿ ಒಂದು ಕರಿ ಕೊಡೆ. ಮಳೆಗಾಲವಿರಲಿ ಬೇಸಿಗೆಯಿರಲಿ ಅದು ಬಿಚ್ಚಿದ್ದನ್ನು ನಾನು ನೋಡಲಿಲ್ಲ. ಗೋಡೆ ಕುಟ್ಟಿ ನೋಡುವುದಕ್ಕೆ, ತೊಲೆ ತೋರಿಸುವುದಕ್ಕೆ, ಗೌಂಡಿಗಳನ್ನು ಹೆದರಿಸುವುದಕ್ಕೆ ಇಟ್ಟುಕೊಂಡದ್ದು. ನಾನು ಒಳಗೆಲ್ಲ ಅಡ್ಡಾಡಿ, ಹಾಲ್‌ನಲ್ಲಿ ಕತ್ತೆತ್ತಿ ನಿಂತೆ. ಮೇಲೆ ಮಾಡನ್ನು ಹೊತ್ತ ತೇಗದ ಕೈಂಚಿಗಳು, ಒಂದರ ಹಿಂದೆ ಒಂದು, ಕೈ ಮುಗಿದ ಹಾಗೆ. ಎದೆ ಹಾರಿತು. ಆದರೆ ಖರೀದಿಗೆ ಹೋದವನು ಎದೆ ಹಾರಿದ್ದನ್ನು ಮುಖದಲ್ಲಿ ತೋರಿಸಬಾರದು. ಹೊರಗೆ ಬಂದು ಮುಖ ಹುಳ್ಳಗೆ ಮಾಡಿಕೊಂಡೆ.

"ಏನೂ ಉಳಿದಿಲ್ಲ ಬಿಡ್ರಿ ಸಾಹೇಬ್ರ. ಒರಲಿ ತಿಂದೈತಿ. ಉರುವಲಕ್ಕ ಆದ್ರ ಆದೀತು."

ಅವರು ಫ್ಲಾಸ್ಕಿನ ಮುಚ್ಚಳ ತಿರುವಿದರು. "ಹೌದೇನು? ಉರುವಲಕ್ಕ?"

"ಹೂನ್ರಿ."

"ಮತ್ತ ಉರುವಲ ನೋಡಾಕ ಅಷ್ಟೊತ್ತು ಬಾಯಿ ತೆರಕೊಂಡು ನಿಂತಿದ್ದೆಲ್ಲೋ ತಮ್ಮಾ? ನಾ ಇಲ್ಲಿಂದ ನೋಡಾಕತ್ತಿದ್ದೆ. ಮದುವಿ ಹೆಣ್ಣ ನೋಡಿದಂಗ ನೋಡತಿದ್ದಿ."

ನನಗೆ ನಗು ಬಂತು. ನಕ್ಕವನು ಚೌಕಾಸಿ ಸೋತ ಹಾಗೆ. ಅದೂ ಒಂದು ಪಾಠ. ಅವರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. "ಕುಂದ್ರು. ಈ ಬಾಗಲಾ ಎಲ್ಲಿ ಮಾರ್ತಿ?"

"ಬೆಂಗಳೂರಾಗ ರೆಸಾರ್ಟ್ ಕಟ್ಟೋರು ಒಯ್ತಾರ್ರಿ."

"ಒಮ್ಮೆ ಮಾರಿದ್ರ?"

"ಮಾರಿದ್ರ ಮುಗೀತು."

"ಮುಗೀತು. ಹಯನದ ಎಮ್ಮಿನ ಯಾರರ ತೊಗಲಿನ ರೇಟಿಗೆ ಮಾರತಾರೇನು? ವ್ಯಾಪಾರಿ ಅಂತಿ, ಇಷ್ಟು ತಿಳಿಯಂಗಿಲ್ಲೇನು ನಿನಗ? ಊರಾಗ ಆಫೀಸಿಗೆ ಜಾಗಾ ಸಿಗದ ಮಂದಿ ಒದ್ದಾಡಾಕತ್ತಾರ. ಲೀಜಿಗೆ ಹಿಡಿ. ದುರಸ್ತಿ ಮಾಡಿಸು. ಬಾಡಿಗಿ ಕೊಡು. ಬಾಗಲಾನೂ ಇರತಾವ, ಹಾಲೂ ಕೊಡತಾವ."

ಮರದ ಬೆಲೆ ಕಟ್ಟಲು ಬಂದವರು ಮರ ಮಾರಬೇಡ ಎನ್ನುತ್ತಿದ್ದರು. ನನಗೆ ಸಂಶಯ ಬಂತು. "ನಿಮಗೇನು ಬರತೈತ್ರಿ ಇದರಾಗ?" ಎಂದು ನೇರವಾಗಿ ಕೇಳಿದೆ. ವ್ಯವಹಾರದಲ್ಲಿ ಎದುರಿನವನಿಗೆ ಏನು ಬೇಕೆಂದು ತಿಳಿಯದೆ ಹೆಜ್ಜೆ ಇಡಬಾರದು.

ಅವರು ಫ್ಲಾಸ್ಕನ್ನು ಬೆಂಚಿನ ಕೆಳಗಿಟ್ಟರು. ಆಮೇಲೆ, "ನೌಕರಿಯೊಳಗ ನಾ ಕಟ್ಟಿಸಿದ್ದಕ್ಕಿಂತ ಕೆಡವಿಸಿದ್ದು ಹೆಚ್ಚು. ಕಟ್ಟಾಕ ವರ್ಷಾನುಗಟ್ಲೆ ಬೇಕು. ಕೆಡವಾಕ ಒಂದು ಸಹಿ" ಎಂದರು. ಅಷ್ಟೇ. ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಅಂದು ಮಧ್ಯಾಹ್ನ ಅವರು ನನಗೆ ಮನೆ ತೋರಿಸಿದರು. ನಾನು ಆವರೆಗೆ ನೂರಾರು ಮನೆ ಬಿಚ್ಚಿದ್ದೆ, ಒಂದು ಮನೆಯನ್ನೂ ನೋಡಿರಲಿಲ್ಲ ಎಂದು ಆಗ ಅನ್ನಿಸಿತು. ಕಡಿದಾದ ಮಾಡು, ಮೊನಚು ಕಮಾನಿನ ಕಿಟಕಿಗಳು, ಮುಂದಕ್ಕೆ ಹೊಟ್ಟೆ ಬಿಟ್ಟ ಹಾಗಿರುವ ಒಂದು ಕೋಣೆ, ಗೋಡೆಯೊಳಗೆ ಬೆಂಕಿ ಕಾಸಿಕೊಳ್ಳುವ ಗೂಡು. "ಹಾವೇರಿಯೊಳಗ ಬೆಂಕಿ ಕಾಸ್ಕೋತಿದ್ನೇನ್ರಿ ಪಾದ್ರಿ?" ಎಂದು ನಾನು ನಕ್ಕರೆ, ಕೊಡೆಯಿಂದ ಗೂಡಿನ ಬಾಯಿ ತೋರಿಸಿದರು. "ಕೈ ಇಡು ಅಲ್ಲಿ." ಇಟ್ಟೆ. ತಣ್ಣಗೆ ಗಾಳಿ ಮೇಲಕ್ಕೆ ಎಳೆಯುತ್ತಿತ್ತು. "ನಕ್ಷೆ ಇಂಗ್ಲಂಡಿನದು. ಮಾಡಿನ ಮ್ಯಾಲಿಂದ ಬರ್ಫ ಜಾರಲಿ ಅಂತ ಕಡಿದಾಗಿ ಮಾಡಿದ್ದು ಅದು. ಇಲ್ಲಿ ಬರ್ಫ ಎಲ್ಲಿಂದ ಬರಬೇಕು? ಬಂದಿದ್ದು ಬಿಸಿಲು. ಆಮ್ಯಾಲ ಸುತ್ತಲೂ ಜಗಲಿ ಇಳಿಸಿದ್ರು, ಗ್ವಾಡಿ ತುದಿಗೆ ಗಾಳಿಕಿಂಡಿ ತೆಗದ್ರು. ಕಾವು ಮ್ಯಾಲೆ ಏರತೈತಿ, ಕಿಂಡಿಯಿಂದ ಹೊರಗ ಹೋಗತೈತಿ. ಪಾದ್ರಿಗೆ ಈ ಊರು ಒಗ್ಗಿತೋ ಇಲ್ಲೋ ಗೊತ್ತಿಲ್ಲ, ಅವನ ಮನಿಗೆ ಮಾತ್ರ ಒಗ್ಗೇತಿ."

ಮನೆಯ ಬಲಗಡೆಗೆ ಒಂದು ಕೋಣೆಗೆ ಹೊರಗಿನಿಂದಲೇ ಬೇರೆ ಬಾಗಿಲಿತ್ತು, ಬಾಗಿಲ ಪಕ್ಕ ಕಲ್ಲಿನ ಆಸನ. ಅದು ಯಾಕೆ ಎಂದು ಕೇಳಿದೆ. ಪಾದ್ರಿಯ ಓದುವ ಕೋಣೆಯಂತೆ. ಕಷ್ಟ ಹೇಳಿಕೊಳ್ಳಲು ಬಂದವರು, ಮದುವೆ ಮಾಡಿಸಿ ಎಂದು ಬಂದವರು, ಮಣ್ಣಿಗೆ ಕರೆಯಲು ಬಂದವರು ಮನೆಯ ಹೆಂಗಸರ ನಡುವೆ ಹಾಯದೆ ನೇರ ಒಳಗೆ ಹೋಗಲಿ ಎಂದು ಹಾಗೆ ಮಾಡಿದ್ದು. "ಪಾದ್ರಿ ಮನಿ ಅಂದ್ರ ಮೊದಲಿಂದನೂ ಅರ್ಧ ಆಫೀಸ ತಮ್ಮಾ. ನೀ ಹೊಸಾದೇನೂ ಮಾಡಾಕ ಹೊಂಟಿಲ್ಲ, ಉಳಿದ ಅರ್ಧಾನೂ ಆಫೀಸ ಮಾಡಾಕ ಹೊಂಟೀದಿ, ಅಷ್ಟ."

ಅವತ್ತು ಮರ ಕೊಳ್ಳಲು ಹೋದವನು ಮನೆ ಹಿಡಿದು ಬಂದೆ. ಅವ್ವ ತಲೆ ಚಚ್ಚಿಕೊಂಡಳು. "ಮಂದಿ ಮನಿ ಬಿಚ್ಚಿ ಬದಕಿದವರು ನಾವು. ಈಗ ಮನಿ ಕಟಗೊಂಡು ಸಾಯಾಕ ಹೊಂಟೀಯಲ್ಲೋ!" ಆಕೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಅಡ್ಡೆಯಲ್ಲಿದ್ದ ಒಳ್ಳೆಯ ಮಾಲನ್ನೆಲ್ಲ ಮಾರಿ ನಾನು ಅದರ ಮೇಲೆ ಹಾಕಿದ್ದೆ. ಟ್ರಸ್ಟಿನವರೂ ಹುಷಾರು ಜನ. ಒಂದು ವರ್ಷದೊಳಗೆ ಬಂಗಲೆ ಬಾಡಿಗೆಗೆ ಹೋಗದಿದ್ದರೆ ಲೀಜು ಮುರಿದು ಕೆಡವುವುದೇ ಸೈ ಎಂದು ಮೊದಲೇ ಹೇಳಿದ್ದರು. ಚಿಕ್ಕ ಕೋಣೆಗಳಿಗೆ ವಕೀಲರು, ವಿಮೆಯ ಏಜೆಂಟರು ಸಿಕ್ಕರು. ಆದರೆ ಖರ್ಚು ಹುಟ್ಟಬೇಕಾದರೆ ನಡುವಿನ ದೊಡ್ಡ ಹಾಲ್ ಬಾಡಿಗೆಗೆ ಹೋಗಬೇಕು. ಅದನ್ನು ಯಾರು ಹಿಡಿಯುತ್ತಾರೆ ಎನ್ನುವುದರ ಮೇಲೆ ನನ್ನ ಮತ್ತು ಮನೆಯ, ಇಬ್ಬರ ಹಣೆಬರಹವೂ ನಿಂತಿತ್ತು.

ದುರಸ್ತಿ ನಡೆದಷ್ಟು ದಿನ ಸಾಹೇಬರು ಮೋಟೆಬೆನ್ನೂರಿನಿಂದ ಹಳೆಯ ಸ್ಕೂಟರಿನ ಮೇಲೆ ಬರುತ್ತಿದ್ದರು. ಫೀ ಎಂದರೆ, "ನನ್ನ ಪೆನ್ಶನ್ ಐತಿ, ನಿನ್ನದು ಬ್ಯಾಡ" ಎನ್ನುವರು. ನನ್ನ ಚಹಾ ಸಹ ಮುಟ್ಟಲಿಲ್ಲ. "ಗುತ್ತಿಗೆದಾರನ ಚಹಾ ಕುಡದಷ್ಟೂ ಸಿಮೆಂಟಿನೊಳಗ ಉಸುಕು ಹೆಚ್ಚಾಗತೈತಿ" ಎಂಬುದು ನೌಕರಿಯ ಕಾಲದಿಂದ ಅವರು ಪಾಲಿಸಿದ ಸೂತ್ರ. ನಾನು ಗುತ್ತಿಗೆದಾರನಲ್ಲ ಎಂದರೆ, "ಹಂಗಾದ್ರ ಇನ್ನೂ ಕುಡಿಯಂಗಿಲ್ಲ. ವ್ಯಾಪಾರಿ ಚಹಾಕ್ಕ ರೇಟ ಗೊತ್ತಾಗೂದು ಆರು ತಿಂಗಳ ಬಿಟ್ಟ" ಎಂದರು. ಫೀ ತೊಗೊಳ್ಳದ ಮನುಷ್ಯನ ಜೊತೆ ಕೆಲಸ ಮಾಡುವುದು ಬಹಳ ಕಷ್ಟ; ಬೈದರೆ ತಿರುಗಿ ಬೈಯಲು ಬರುವುದಿಲ್ಲ.

ಬೈಗುಳವಂತೂ ಧಾರಾಳ. ಐರಣಿಯ ಹೊಳೆಯ ಉಸುಕು ತರಿಸಿ, ಸುಣ್ಣ ಕೊಳೆಹಾಕಿಸಿ, ಹಳೆಯ ಗೋಡೆಗೆ ಗಾರೆಯನ್ನೇ ಬಳಿಯಬೇಕೆಂದು ಹಟ. ಗೌಂಡಿಗೆ ತಲೆಕೆಟ್ಟಿತು. "ಸಾಹೇಬ್ರ, ಸಿಮೆಂಟಾದ್ರ ಲಗೂ ಮುಗೀತೈತ್ರಿ."

"ಹತ್ತಿ ಅಂಗಿ ಹಾಕ್ಕೊಂಡಾವಗ ಮ್ಯಾಲೆ ಪ್ಲಾಸ್ಟಿಕ್ ಸುತ್ತಿ ಬಿಸಲಾಗ ನಿಲ್ಲಿಸಿದ್ರ ಏನಾಗ್ತಾನ?"

"ಬೆವರ್ತಾನ್ರಿ."

"ಗ್ವಾಡಿನೂ ಬೆವರತೈತಿ. ಸುಣ್ಣ ಕಲಸು."

ಸುಣ್ಣದ ಹಟಕ್ಕೆ ಒಂದು ಮಳೆಗಾಲವೇ ಕೈ ಬಿಟ್ಟು ಹೋಯಿತು. ಆಗ ನನಗೂ ಅವರಿಗೂ ಮಾತು ನಿಂತ ವಾರಗಳುಂಟು. ಅವರ ಮಾತೆಲ್ಲ ಸರಿ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಒಮ್ಮೆ ವಕೀಲರು ಕ್ಯಾಲೆಂಡರ್ ನೇತು ಹಾಕಲು ಹೊಸ ಗಾರೆಗೆ ಒಂದು ಮೊಳೆ ಹೊಡೆದರು. ಸಾಹೇಬರು ಅದನ್ನು ಕಿತ್ತು, ಕಿಸೆಯಲ್ಲಿಟ್ಟುಕೊಂಡು, ಹಾವೇರಿಯ ಬಸ್‌ಸ್ಟ್ಯಾಂಡಿನವರೆಗೂ ಕಂಡಕಂಡವರಿಗೆ ತೋರಿಸಿದರು: "ನೋಡ್ರಿ, ಕಾಯ್ದೆ ಓದಿದ ಮನಷಾ ಹೊಡದ ಮೊಳಿ!" ಇಷ್ಟು ಬೇಕಿರಲಿಲ್ಲ. ವಕೀಲರು ಕೋಣೆ ಬಿಟ್ಟೇ ಹೋಗುವವರಿದ್ದರು. ನಾನು ಹೋಗಿ ಸಮಾಧಾನ ಮಾಡಿ, ನಿಮಗೆ ಪಾದ್ರಿಯ ಓದುವ ಕೋಣೆಯನ್ನೇ ಕೊಡುತ್ತೇನೆ, ಕಕ್ಷಿದಾರರಿಗೆ ಬೇರೆ ಬಾಗಿಲಿದೆ, ಒಬ್ಬ ಬಂದದ್ದು ಇನ್ನೊಬ್ಬನಿಗೆ ತಿಳಿಯುವುದಿಲ್ಲ ಎಂದ ಮೇಲೆ ಒಲಿದರು. ಆ ಬಾಗಿಲು ನನಗೆ ತೋರಿಸಿದ್ದು ಸಾಹೇಬರೇ ಎಂದು ಮಾತ್ರ ಹೇಳಲಿಲ್ಲ. ವಿಮೆಯವರು ಬೆಂಕಿಯ ಗೂಡಿನೊಳಗೆ ಲಕ್ಷ್ಮಿಯ ಫೋಟೋ ಇಟ್ಟು ಊದುಬತ್ತಿ ಹಚ್ಚಿದಾಗ ಸಾಹೇಬರು ಏನೆನ್ನುತ್ತಾರೋ ಎಂದು ನಾನು ಹೆದರಿದ್ದೆ. ನೋಡಿ ತಲೆ ಆಡಿಸಿದರು. "ಚೊಲೋ ಜಾಗಾ. ಹೊಗಿ ಮ್ಯಾಲೆ ಹೋಗತೈತಿ, ಲಕ್ಷ್ಮೀ ಮುಖ ಕಪ್ಪಾಗಂಗಿಲ್ಲ." ಅವರಿಗೆ ಹಳೆಯ ಮನೆ ಹಳೆಯ ಹಾಗೇ ಇರಬೇಕೆಂಬ ಮಡಿ ಇರಲಿಲ್ಲ. ಬಳಸಿ, ಆದರೆ ಅದರ ಮೂಗು ಮುಚ್ಚಬೇಡಿ, ಇಷ್ಟೇ.

ಆ ಮೂಗಿನ ಮೇಲೆಯೇ ಜಗಳ ಬಂತು.

ಹಾಲ್ ನೋಡಲು ಬಂದವರು ಬೀಜದ ಕಂಪನಿಯೊಂದರ ಮ್ಯಾನೇಜರು, ಬೆಂಗಳೂರಿನ ಕಡೆಯವರು, ತೆಳ್ಳನೆಯ ಮೀಸೆ, ಮಾತು ಮೆತ್ತಗೆ. ಜಾಗ ಹಿಡಿಸಿತು. ಕತ್ತೆತ್ತಿ ನೋಡಿ, "ಇಷ್ಟು ಎತ್ತರ ಏನ್ ಮಾಡೋದು ಸಾರ್? ಫಾಲ್ಸ್ ಸೀಲಿಂಗ್ ಹಾಕಿಸಿ, ಆ ಕಿಂಡಿಗಳನ್ನೆಲ್ಲ ಮುಚ್ಚಿಸಿಬಿಡಿ, ನಾವು ಎ.ಸಿ. ಹಾಕ್ಕೋತೀವಿ. ಇಲ್ಲಾಂದ್ರೆ ಹೆಡ್ ಆಫೀಸ್ ಒಪ್ಪಲ್ಲ" ಎಂದರು. ನಾನು ಆಗಲಿ ಎಂದು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಕೊಡೆ ನೆಲಕ್ಕೆ ಕುಟ್ಟಿದ ಸಪ್ಪಳ.

"ಆಗಂಗಿಲ್ಲ" ಎಂದರು ಸಾಹೇಬರು. "ಕಿಂಡಿ ಮುಚ್ಚಿದ್ರ ಮ್ಯಾಲಿನ ಕಾವು, ಹಸಿ ಎಲ್ಲಾ ಕಟ್ಟಿಗೀ ಒಳಗ ಕುಂದರತೈತಿ. ಹೊರಗ ನೋಡಾಕ ಪ್ಲೈವುಡ್ ಚಂದ ಕಾಣತೈತಿ, ಮ್ಯಾಲೆ ಕೈಂಚಿ ಕೊಳೀತಿರತೈತಿ. ಯಾರಿಗೂ ಕಾಣಂಗಿಲ್ಲ. ಒಂದಿನ ತಲಿ ಮ್ಯಾಲೆ ಬರತೈತಿ."

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಸಾಹೇಬರನ್ನು ಜಗುಲಿಗೆ ಕರೆದುಕೊಂಡು ಹೋದೆ. "ಸಾಹೇಬ್ರ, ಈ ಪಾರ್ಟಿ ಹೋತಂದ್ರ ನಾ ಹೋದ್ನಿ. ವರ್ಷ ತುಂಬಾಕ ಬಂತು. ಟ್ರಸ್ಟಿನವರು ಮಶೀನ್ ಹಚ್ಚಿ ಕೆಡವತಾರ. ಆಗ ನಿಮ್ಮ ಕಿಂಡಿ ಎಲ್ಲಿ ಇರತಾವ?"

ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹಾಲ್‌ಗೆ ಹೊಂದಿಕೊಂಡ ಮೂಡಣ ಕೋಣೆಯೊಂದಕ್ಕೆ ಮಾದರಿಗೆಂದು ಸೀಲಿಂಗ್ ಹಾಕಿ, ಕಿಂಡಿ ಮುಚ್ಚಿ, ಎ.ಸಿ. ಕೂರಿಸುವುದು. ಬಂಗಲೆ ತೆರೆಯುವ ಪೂಜೆಯ ದಿನ ಮ್ಯಾನೇಜರು ಬಂದು ನೋಡಿ ಒಪ್ಪಿದರೆ ಹಾಲ್‌ಗೂ ಅದೇ. "ನೀ ಹಾಲ್‌ನ ಮೂಗ ಮುಚ್ಚಿದ ದಿನ ನಾ ಇತ್ತಾಗ ಬರೂದಿಲ್ಲ" ಎಂದು ಹೇಳಿ ಸ್ಕೂಟರ್ ಒದ್ದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಸೋಲುವುದು ಖಾತ್ರಿಯಾದವರ ಬೆನ್ನಿನ ಹಾಗಿತ್ತು ಅವರ ಬೆನ್ನು.

ಪೂಜೆಯ ದಿನ ಕಡು ಬೇಸಿಗೆ. ಹೊತ್ತು ನೆತ್ತಿಗೆ ಬರುತ್ತಿತ್ತು. ಮ್ಯಾನೇಜರು ತಮ್ಮ ಇಬ್ಬರು ಸಿಬ್ಬಂದಿಯೊಂದಿಗೆ ಬಂದು ಮಾದರಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಎ.ಸಿ. ಹಚ್ಚಿ ಕೂತರು. ಕೋಣೆ ಅವರಿಗೆ ಹಿಡಿಸಿತ್ತು. "ಫಸ್ಟ್ ಕ್ಲಾಸ್ ಸಾರ್, ಹಾಲ್‌ಗೂ ಹೀಗೇ ಮಾಡಿಸಿಬಿಡಿ" ಎಂದೂ ಹೇಳಿಯಾಗಿತ್ತು. ಸಾಹೇಬರು ಹಾಲ್‌ನ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಮೇಲಿನ ಕೈಂಚಿಗಳನ್ನು ನೋಡುತ್ತ ಕೂತಿದ್ದರು, ಊರು ಬಿಟ್ಟು ಹೋಗುವವರನ್ನು ನೋಡುವ ಹಾಗೆ.

ಪೂಜೆ ಮುಗಿದ ಮೇಲೆ ಅವ್ವ ತನ್ನ ಕೆಲಸಕ್ಕೆ ನಿಂತಳು. ಇಷ್ಟು ದೊಡ್ಡ ಬಂಗಲೆ, ಇಷ್ಟು ಜನರ ಕಣ್ಣು, ದೃಷ್ಟಿ ತೆಗೆಯದೆ ಆದೀತೇ? ಕಬ್ಬಿಣದ ಬುಟ್ಟಿಯಲ್ಲಿ ನಿಗಿನಿಗಿ ಕೆಂಡ. ಮುಷ್ಟಿ ತುಂಬ ಒಣ ಮೆಣಸಿನಕಾಯಿ, ಉಪ್ಪು. ವಿಮೆಯ ಏಜೆಂಟರು ತಮಾಷೆ ಮಾಡಿದರು: "ಯವ್ವಾ, ಬ್ಯಾಡಗಿ ಮೆಣಸಿನಕಾಯಿ ಏನು? ಅದಕ್ಕ ಬರೇ ಬಣ್ಣ, ಘಾಟು ಎಲ್ಲಿ ಬರತೈತಿ?"

"ದೃಷ್ಟಿಗೆ ಬ್ಯಾಡಗಿ ಕಾಯಿ ಯಾವಾಕಿ ಸುಡ್ತಾಳೋ ಹುಚ್ಚಪ್ಪಾ? ಅದು ಸಾರಿಗೆ. ಇದು ಗುಂಟೂರ ಕಾಯಿ. ಮೂಗ ಮುಚ್ಕೋ."

ಎಲ್ಲರೂ ಕರವಸ್ತ್ರ ತೆಗೆದರು. ಅವ್ವ ಬಾಗಿಲಿಗೆ ನಿವಾಳಿಸಿ, ಹಾಲ್‌ನ ನಡುವೆ ಬುಟ್ಟಿ ಇಟ್ಟು, ಮುಷ್ಟಿ ಬಿಚ್ಚಿದಳು. ಚಟಚಟ ಸಿಡಿದು ಹೊಗೆ ಎದ್ದಿತು. ನಾವು ಉಸಿರು ಬಿಗಿ ಹಿಡಿದು ನಿಂತೆವು. ಹೊಗೆ ದಾರದ ಹಾಗೆ ನೆಟ್ಟಗೆ ಮೇಲೇರಿತು, ಕೈಂಚಿಗಳ ನಡುವೆ ಒಂದು ಗಳಿಗೆ ತಡೆಯಿತು, ಆಮೇಲೆ ಕಿಂಡಿಗಳ ಕಡೆ ವಾಲಿ ಹೊರಗೆ ಹೋಯಿತು. ಒಬ್ಬರೂ ಕೆಮ್ಮಲಿಲ್ಲ.

ಅವ್ವನ ಮುಖ ಕಪ್ಪಿಟ್ಟಿತು. ನಮ್ಮ ಕಡೆಯ ನಂಬಿಕೆ ಗೊತ್ತಲ್ಲ: ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿ ತಾಗಿದೆ. "ಅಯ್ಯ ಶಿವನ! ಎಷ್ಟು ಮಂದಿ ಕಣ್ಣ ಬಿದ್ದಿತ್ತೋ ಈ ಮನಿ ಮ್ಯಾಲೆ! ಒಂದು ಚೂರ ಘಾಟು ಇಲ್ಲ!" ಎಂದು ಇನ್ನೊಂದು ಮುಷ್ಟಿ ಹಾಕಿದಳು. ಅದೂ ಮೇಲೇರಿ ಹೋಯಿತು. ಮೂಲೆಯಲ್ಲಿ ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು.

ಅವ್ವ ಬುಟ್ಟಿ ಎತ್ತಿಕೊಂಡು ಕೋಣೆ ಕೋಣೆಗೆ ಹೊರಟಳು. ಮಾದರಿ ಕೋಣೆಯ ಬಾಗಿಲು ತಳ್ಳಿದಳು. "ಬನ್ನಿ ಬನ್ನಿ ಅಮ್ಮ" ಎಂದರು ಮ್ಯಾನೇಜರು, ಮರ್ಯಾದೆಯಿಂದ ಎದ್ದು ಕೈ ಮುಗಿದು. ಅವ್ವ ಅವರಿಗೂ ಸೇರಿಸಿ ನಿವಾಳಿಸಿ, ಇನ್ನೊಂದು ಮುಷ್ಟಿ ಕೆಂಡಕ್ಕೆ ಹಾಕಿದಳು. ತಂಪು ಹೊರಗೆ ಹೋಗಬಾರದೆಂದು ಸಿಬ್ಬಂದಿಯೊಬ್ಬ ಹಿಂದಿನಿಂದ ಬಾಗಿಲು ಮುಚ್ಚಿದ.

ಆಮೇಲಿನದು ಹೇಳಬೇಕಾಗಿಲ್ಲ. ಮೊದಲು ಸೀನು, ಆಮೇಲೆ ಕೆಮ್ಮು, ಆಮೇಲೆ ಕುರ್ಚಿ ಬಿದ್ದ ಸಪ್ಪಳ. ಬಾಗಿಲು ಧಡಾರನೆ ತೆರೆದು, ಬೀಜದ ಕಂಪನಿ ಪೂರ್ತಿ ಜಗುಲಿಗೆ ಬಂದು ಬಿತ್ತು. ಮ್ಯಾನೇಜರು ಕಲ್ಲು ಬೆಂಚಿನ ಮೇಲೆ ಕೂತು, ಕಣ್ಣು ಮೂಗು ಎರಡರಲ್ಲೂ ನೀರು ಸುರಿಸುತ್ತ, "ನೀರು... ನೀರು..." ಎನ್ನುತ್ತಿದ್ದರು. ಕೊನೆಗೆ ಬಂದವಳು ಅವ್ವ, ಕೆಮ್ಮುತ್ತ, ಸೆರಗಿನಿಂದ ಕಣ್ಣೊರೆಸುತ್ತ, ಮುಖದ ತುಂಬ ಸಂತೋಷ. "ಈ ಕೋಣಿಗೆ ಏನೂ ದೃಷ್ಟಿ ಇಲ್ರೀ! ಎಂಥಾ ಘಾಟು ನೋಡ್ರಿ!"

ಗಿರಾಕಿ ಹೋದ, ಮನೆ ಹೋಯಿತು ಎಂದುಕೊಂಡೆ. ಆಗ ಸಾಹೇಬರು ಒಂದು ಲೋಟ ನೀರು ಹಿಡಿದು ಬಂದು ಮ್ಯಾನೇಜರಿಗೆ ಕುಡಿಸಿದರು. ಬೈಯಲಿಲ್ಲ, ಗೆದ್ದೆನೆಂದು ಮೆರೆಯಲಿಲ್ಲ. "ಏಳ್ರಿ, ಒಳಗ ಬರ್ರಿ, ಹಾಲ್‌ನ್ಯಾಗ ಉಸಿರಾಡ್ರಿ" ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಅದೇ ಮೆಣಸಿನಕಾಯಿ, ಅದಕ್ಕಿಂತ ಹೆಚ್ಚೇ ಸುಟ್ಟಿದ್ದ ಜಾಗ. ಮ್ಯಾನೇಜರು ಅನುಮಾನದಿಂದ ಒಂದು ಸಲ ಉಸಿರೆಳೆದರು. ಮತ್ತೊಂದು ಸಲ. ಆಮೇಲೆ ತಲೆಯೆತ್ತಿ ಕಿಂಡಿಗಳನ್ನು ಬಹಳ ಹೊತ್ತು ನೋಡಿದರು. ಹೊರಗೆ ಆ ಬಿಸಿಲು. ಫ್ಯಾನಿಲ್ಲದ ಹಾಲ್‌ನಲ್ಲಿ ಅವರ ಬೆವರು ಆರುತ್ತಿತ್ತು.

"ಎ.ಸಿ. ಬೇಕು ಅಂತ ಹೆಡ್ ಆಫೀಸ್ ಹೇಳಿದ್ದು ಕಂಪ್ಯೂಟರ್‌ಗಳಿಗೆ ಸಾರ್" ಎಂದರು ಕೊನೆಗೆ.

"ಅವಕ್ಕ ಆ ಕೋಣಿ ಕೊಡ್ರಿ" ಎಂದರು ಸಾಹೇಬರು. "ಮಶೀನಿಗೆ ತಂಪು ಬೇಕು, ಮನಷಾಗ ಗಾಳಿ ಬೇಕು. ಪ್ಲೈವುಡ್ ಮ್ಯಾಲಿನ ಕಿಂಡಿ ಮಾತ್ರ ನಾ ತೆರೆಸ್ತೀನಿ. ಅದು ನಿಮಗೂ ಕಾಣಂಗಿಲ್ಲ, ನಿಮ್ಮ ಹೆಡ್ ಆಫೀಸಿಗೂ ಕಾಣಂಗಿಲ್ಲ."

ಮ್ಯಾನೇಜರಿಗೆ ನಗು ಬಂತು. ನಗುತ್ತ ನಗುತ್ತ ಮತ್ತೆ ಕೆಮ್ಮಿದರು. ಹಾಲ್ ಹಿಡಿದರು. ಮನೆ ಉಳಿಯಿತು. ಇಲ್ಲಿ ನನ್ನ ಇನ್ನೊಂದು ಉಪದೇಶ, ಪುಕ್ಕಟೆ: ಗಿರಾಕಿಗೆ ಹೇಳಿ ಒಪ್ಪಿಸಲಾಗದ್ದನ್ನು ಅವನ ಮೂಗಿಗೆ ಬಿಟ್ಟುಬಿಡಿ.

ಎಲ್ಲರೂ ಊಟಕ್ಕೆ ಎದ್ದಾಗ ಅವ್ವ ಸಾಹೇಬರನ್ನು ತಡೆದಳು. "ಅಣ್ಣಾರ, ನೀವು ಓದಿದವರು. ನೀವ ಹೇಳ್ರಿ. ಹಾಲ್‌ಗೆ ದೃಷ್ಟಿ ಆಗಿತ್ತೋ ಇಲ್ಲೋ?"

ಅವರೋ, ದೇವರು ದಿಂಡರೆಂದರೆ ಜಗಳಕ್ಕೇ ಬರುತ್ತಿದ್ದ ಮನುಷ್ಯ. ಗ್ರಹಣದ ದಿನ ಬೇಕೆಂದೇ ಬಂಗಲೆಯ ಜಗುಲಿಯಲ್ಲಿ ಕೂತು ಅವಲಕ್ಕಿ ತಿಂದವರು. ಅವ್ವನಿಗೆ ಈಗ ಗಾಳಿ, ಕಾವು, ಕಿಂಡಿ ಎಂದು ಪಾಠ ಶುರುವಾಗುತ್ತದೆ, ಆಕೆಗೆ ಸಿಟ್ಟು ಬರುತ್ತದೆ ಎಂದುಕೊಂಡೆ.

ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. "ಭಾಳ ಆಗಿತ್ತು ತಂಗೆವ್ವಾ. ನೀ ತೆಗದದ್ದು ಚೊಲೋ ಆತು. ವರ್ಷಾ ತಪ್ಪಸಬ್ಯಾಡ. ದೀಪಾವಳಿ ಅಮಾಸಿಗೆ ಎಲ್ಲಾ ಕೋಣಿಯೊಳಗೂ ಸುಡು."

ಅವ್ವ ಹಿಗ್ಗಿ ಹೋದಳು. ಸ್ಕೂಟರಿನ ತನಕ ಅವರ ಹಿಂದೆ ಹೋದ ನಾನು ಕೇಳಿಯೇಬಿಟ್ಟೆ: "ಏನ್ರಿ ಸಾಹೇಬ್ರ ಇದು? ನೀವೂ ದೃಷ್ಟಿ ನಂಬಾಕತ್ತೀರೇನು?"

ಅವರು ಕೊಡೆಯನ್ನು ಸ್ಕೂಟರಿಗೆ ಕಟ್ಟುತ್ತಿದ್ದರು. "ಬಾಡಿಗಿ ಇರೋರು ಬರತಾರ, ಹೋಗತಾರ. ಒಬ್ಬಂವ ಥಂಡಿ ಅಂತಾನ, ಒಬ್ಬಂವ ಧೂಳ ಅಂತಾನ, ಕಿಂಡಿ ಮುಚ್ಚತಾನ. ನೀ ವ್ಯಾಪಾರದಾಗ ಇರತಿ, ನಿನಗ ಕಾಣಂಗಿಲ್ಲ. ನಾ ಎಷ್ಟು ವರ್ಷ ಇರ್ತೀನಿ? ನಿಮ್ಮವ್ವ ವರ್ಷಕ್ಕೊಮ್ಮೆ ಮೆಣಸಿನಕಾಯಿ ಸುಟ್ಟಳಂದ್ರ ಎಲ್ಲಿ ಕಿಂಡಿ ಮುಚ್ಚೇತಿ ಅನ್ನೂದು ಕೆಮ್ಮಿನ ಮ್ಯಾಲೆ ಗೊತ್ತಾಗತೈತಿ. ಎಂಜಿನಿಯರ್ ಹೇಳಿದ್ರ ಯಾರೂ ಮಾಡೂದಿಲ್ಲೋ ತಮ್ಮಾ. ಅವ್ವ ಹೇಳಿದ್ರ ಮಾಡ್ತಾರ."

ಹೀಗ್ಯಾರು ಯೋಚನೆ ಮಾಡುತ್ತಾರೆ ಹೇಳಿ? ನಾನು ಜೀವಮಾನವಿಡೀ ಚೌಕಾಸಿ ಮಾಡಿದವನು. ಎದುರಿಗಿದ್ದವರ ಜೊತೆ ಚೌಕಾಸಿ ನನಗೆ ಗೊತ್ತು. ತಾನು ಇಲ್ಲದ ಕಾಲದ ಜೊತೆ ಚೌಕಾಸಿ ಕುದುರಿಸಿದ ಮನುಷ್ಯನನ್ನು ಅವರೊಬ್ಬರಲ್ಲೇ ಕಂಡೆ. ಅದಕ್ಕಾಗಿ ತಮ್ಮ ನಂಬಿಕೆಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟದ್ದನ್ನೂ ಕಂಡೆ.

ಅವರು ಆಮೇಲೆಯೂ ಬರುತ್ತಿದ್ದರು. ಬೈಯುವುದು ಏನೂ ಕಡಿಮೆಯಾಗಲಿಲ್ಲ. ಹೊಸ ಕಟ್ಟಡ ಕಟ್ಟಿಸುವ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳನ್ನು ನಾನು ಅವರ ಹತ್ತಿರ ಕಳಿಸುತ್ತಿದ್ದೆ. ಅರ್ಧ ಜನ ಸಿಟ್ಟಾಗಿ ವಾಪಸು ಬರುತ್ತಿದ್ದರು, ಉಳಿದರ್ಧ ಎತ್ತರದ ಮಾಡು ಹಾಕಿಸುತ್ತಿದ್ದರು. ಕೊನೆಯ ವರ್ಷ ಸ್ಕೂಟರ್ ನಿಂತಿತು. ನಾನು ಮೋಟೆಬೆನ್ನೂರಿಗೆ ಹೋದಾಗಲೆಲ್ಲ ಮೊದಲ ಪ್ರಶ್ನೆ ಒಂದೇ: "ಗ್ವಾಡಿ ಹೆಂಗೈತಿ?" ನನ್ನ ಆರೋಗ್ಯ ಒಮ್ಮೆಯೂ ಕೇಳಲಿಲ್ಲ. ಮಣ್ಣಿಗೆ ಹೋದ ದಿನ ಅವರ ಮಗಳು ನನಗೆ ಹೇಳಿದರು, ಹಿಂದಿನ ದಿನ ಆಸ್ಪತ್ರೆಯಲ್ಲಿ ನರ್ಸಿಗೆ ಕಿಟಕಿ ತೆಗೆ ಎಂದು ಜಗಳವಾಡಿದ್ದರಂತೆ. ಬೇರೆ ಯಾರ ಬಗ್ಗೆ ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

ಅದಾದ ಕೆಲವು ವಾರಕ್ಕೆ ದೀಪಾವಳಿಯ ಅಮಾವಾಸ್ಯೆ ಬಂತು. ಅವ್ವನಿಗೆ ಈಗ ಮೊಣಕಾಲು ನೋವು. ಬುಟ್ಟಿ ನಾನು ಹಿಡಿದೆ, ಮುಷ್ಟಿ ಆಕೆ ಬಿಚ್ಚಿದಳು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಹಾಲ್‌ನಲ್ಲಿ ಹೊಗೆ ನೆಟ್ಟಗೆ ಹೋಯಿತು. ವಕೀಲರ ಕೋಣೆಯಲ್ಲೂ ಹೋಯಿತು. ವಿಮೆಯವರ ಕೋಣೆಗೆ ಹೋದೆವು. ಮುಷ್ಟಿ ಬಿಚ್ಚಿದ ಕ್ಷಣಕ್ಕೆ ಏಜೆಂಟರು ಸೀನಿದರು, ಅವರ ಹೊಸ ಗುಮಾಸ್ತೆ ಮೂಗಿಗೆ ಸೆರಗು ಮುಚ್ಚಿಕೊಂಡು ಹೊರಗೆ ಓಡಿದಳು, ನನ್ನ ಗಂಟಲು ಕಟ್ಟಿತು.

"ಚೊಲೋ ಆತು, ಇಲ್ಲಿ ದೃಷ್ಟಿ ಇಲ್ಲ" ಎಂದಳು ಅವ್ವ ಕೆಮ್ಮುತ್ತ.

ನಾನು ಮೇಲೆ ನೋಡಿದೆ. ಗೋಡೆಯ ತುದಿಯ ಕಿಂಡಿ ಕಪ್ಪಗೆ ಕಾಣುತ್ತಿತ್ತು.

"ಪಾರಿವಾಳ ಗಲೀಜ ಮಾಡತಾವ್ರಿ" ಎಂದರು ಏಜೆಂಟರು, ಕಣ್ಣೊರೆಸಿಕೊಳ್ಳುತ್ತ. "ಅದಕ್ಕ ಒಂದು ರಟ್ಟು ತುರಕೀನಿ."

"ತಂತಿ ಜಾಳಗಿ ನಾ ಹಾಕಿಸಿ ಕೊಡತೇನಿ. ರಟ್ಟು ತಗೀರಿ."

"ಇರ್ಲಿ ಬಿಡ್ರಿ, ಹಬ್ಬ ಐತಿ. ಮುಂದಿನ ವಾರ ತಗದ್ರಾತು."

ಜಗುಲಿಯಿಂದ ಏಣಿ ತಂದು ನಾನೇ ಹತ್ತಿದೆ. ರಟ್ಟು ಚೆನ್ನಾಗಿ ಬಿಗಿದಿತ್ತು, ಎಳೆದೆಳೆದು ಕಿತ್ತೆ. ಕೋಣೆಯ ಹೊಗೆಯೆಲ್ಲ ನನ್ನ ಕಿವಿಯ ಪಕ್ಕದಿಂದ ಹೊರಗೆ ನುಗ್ಗಿತು. ಆ ಕಡೆ ಹಾವೇರಿಯ ಹಂಚು, ತಗಡು, ಸ್ಲ್ಯಾಬುಗಳ ಮೇಲೆ ಸಂಜೆಯ ಬಿಸಿಲು. ಕೆಳಗೆ ಏಜೆಂಟರ ಕೆಮ್ಮು ನಿಂತಿತು. ಅವ್ವ ಬುಟ್ಟಿಗೆ ಇನ್ನೆರಡು ಮೆಣಸಿನಕಾಯಿ ಹಾಕಿ ಮೂಗು ಮುಂದೆ ಮಾಡಿ ನೋಡಿದಳು.

"ಅಯ್ಯ, ಈಗ ಘಾಟ ಇಲ್ಲಲ್ಲೋ! ಈ ಕೋಣಿಗೂ ದೃಷ್ಟಿ ಆಗಿತ್ತೇನು?"

"ಭಾಳ ಆಗಿತ್ತವ್ವಾ" ಎಂದೆ, ಏಣಿಯ ಮೇಲಿಂದಲೇ.